ಆಚೆಮನೆಯ ಬಾಯೋರು

ಕಾಗುಣಿತದಿಂದಲೇ ಸುರುಮಾಡುತ್ತೇನೆ, ಯಾಕೆಂದರೆ ನನ್ನ ಸಿಟ್ಟು ಸುರುವಾದದ್ದು ಅಲ್ಲಿಂದ. ಬಾಯೋರು ತೀರಿಕೊಂಡ ಮೂರನೇ ದಿನ ಹೊನ್ನಾವರದ ಬಸ್ ಸ್ಟ್ಯಾಂಡಿನ ಎದುರು ಹತ್ತು ಅಡಿಯ ಫ್ಲೆಕ್ಸ್ ಎದ್ದು ನಿಂತಿತು. ನಡುವೆ ಅವರ ಫೋಟೋ, ತಲೆಯ ಹಿಂದೆ ಕಂಪ್ಯೂಟರಿನವನು ಹಚ್ಚಿದ ಹಳದಿ ಪ್ರಭಾವಳಿ, ಕೆಳಗೆ ದೊಡ್ಡ ಅಕ್ಷರದಲ್ಲಿ: 'ಅಂಗವಿಕಲ ಮಕ್ಕಳ ಮಹಾತಾಯಿಗೆ ಭಾವಪೂರ್ಣ ಶೃದ್ಧಾಂಜಲಿ'. ಶ್ರದ್ಧೆಯ 'ಶ್ರ'ಕ್ಕೆ ವಟ್ರಸುಳಿ ಹಾಕಿಟ್ಟಿದ್ದರು. ಅದರ ಕೆಳಗೆ ಸೇವಾ ಸಮಿತಿಯವರ ಮುಖಗಳು ಎರಡು ಸಾಲು, ಎಲ್ಲರೂ ಕೈಮುಗಿದುಕೊಂಡು.

ನಾನು ಮೂವತ್ತು ವರ್ಷದಿಂದ ಬೋರ್ಡು ಬರೆಯುವವನು. ಕುಮಟೆಯಿಂದ ಭಟ್ಕಳದವರೆಗೆ ಹೆದ್ದಾರಿಯ ಎರಡೂ ಬದಿಗೆ ನನ್ನ ಅಕ್ಷರ ಇದ್ದ ಕಾಲ ಒಂದಿತ್ತು. ಫ್ಲೆಕ್ಸ್ ಬಂದು ನನ್ನ ಹೊಟ್ಟೆಯ ಮೇಲೆ ಹೊಡೆಯಿತು, ಅದು ಬೇರೆ ಮಾತು. ಆದರೆ ಆವತ್ತು ಆ ಫ್ಲೆಕ್ಸಿನ ಎದುರು ನಿಂತು ನಾನು ನೋಡಿದ್ದು ಒಂದು ತಪ್ಪನ್ನಲ್ಲ, ಎರಡನ್ನು. ಶೃದ್ಧಾಂಜಲಿ ಸಣ್ಣ ತಪ್ಪು. ದೊಡ್ಡ ತಪ್ಪು ಇದ್ದದ್ದು 'ಮಕ್ಕಳ' ಎಂಬಲ್ಲಿ. ಆ ಮಕ್ಕಳಲ್ಲಿ ಒಬ್ಬನಿಗೆ ನಲವತ್ತಾರು ವರ್ಷ, ಮೀಸೆ ಅರ್ಧ ಬೆಳ್ಳಗಾಗಿದೆ. ಇನ್ನೊಬ್ಬನಿಗೆ ಐವತ್ತೊಂದು, ನನಗಿಂತ ದೊಡ್ಡವನು. ಮೂರನೆಯವಳು ನಲವತ್ತು ದಾಟಿದ ಹೆಂಗಸು. ಆ ಶಬ್ದವನ್ನು ಬಾಯೋರು ಬದುಕಿದ್ದಾಗ ಅವರ ಎದುರು ಯಾರಾದರೂ ಆಡಿದ್ದರೆ ಅವರ ಗತಿ ಏನಾಗುತ್ತಿತ್ತು ಎಂಬುದು ಆ ಎರಡು ಸಾಲು ಮುಖಗಳಿಗೆ ಚೆನ್ನಾಗಿ ಗೊತ್ತಿತ್ತು. ಸತ್ತ ಮೇಲೆ ಧೈರ್ಯ ಬಂತು.

ನಮ್ಮ ಕಡೆ ನರ್ಸಿಗೆ ನರ್ಸಬಾಯಿ, ಗೌರವಕ್ಕೆ ಬಾಯೋರು ಎನ್ನುವುದು ಮುಂಬೈ ಇಲಾಖೆಯ ಕಾಲದಿಂದ ಬಂದ ರೂಢಿ. ಅದು ಮರಾಠಿಯ ಬಾಯಿ, ಕನ್ನಡದ ಬಾಯಿಯಲ್ಲ. ಆದರೆ ಇವರ ವಿಷಯದಲ್ಲಿ ಎರಡು ಭಾಷೆಗಳೂ ಒಪ್ಪಂದ ಮಾಡಿಕೊಂಡಂತಿದ್ದವು. ಹುಟ್ಟಿದ್ದು ಕುಮಟೆಯ ಕಡೆ, ನೌಕರಿ ಬಹುಪಾಲು ಭಟ್ಕಳದ ಕಡೆ. ನವಾಯತ ಮುಸ್ಲಿಮರ ಮನೆಗಳಲ್ಲಿ ನವಾಯತಿ ಆಡುತ್ತಿದ್ದರು, ಮೀನಿನವಳ ಹತ್ತಿರ ಕೊಂಕಣಿ, ಡಾಕ್ಟರರ ಹತ್ತಿರ ಜಗಳ. ಗಿಡ್ಡ ಆಳು. ಕಾಟನ್ ಸೀರೆ, ಕಾಲಿಗೆ ಗಂಡಸರ ಚಪ್ಪಲಿ, ಅದೇ ಗಟ್ಟಿ ಬರುತ್ತದೆ ಎಂದು. ಮದುವೆ ಆಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ, ಪುರಸೊತ್ತು ಆಗ್ಲಿಲ್ಲ ಎನ್ನುತ್ತಿದ್ದರು.

ನಮ್ಮ ಪರಿಚಯ ಆದದ್ದು ಒಂದು ಬೋರ್ಡಿನಿಂದ. ಹನ್ನೆರಡು ವರ್ಷದ ಹಿಂದೆ ಸೇವಾ ಸಮಿತಿಯ ಅಧ್ಯಕ್ಷರು ನನ್ನ ಅಂಗಡಿಗೆ ಬಂದು, ನಮ್ಮ ಓಣಿಯ ಕೊನೆಯ ಮನೆಯಲ್ಲಿ ಯಾರೋ ನರ್ಸಬಾಯಿ ಮೂರು ಜನ ಅಂಗವಿಕಲರನ್ನು ತಂದಿಟ್ಟುಕೊಂಡಿದ್ದಾಳೆ, ಸಮಿತಿಯ ವತಿಯಿಂದ ಅವಳಿಗೊಂದು ಬೋರ್ಡು ದಾನ ಮಾಡಬೇಕು ಎಂದರು. 'ದೇವರ ಮಕ್ಕಳ ಆಶ್ರಮ' ಎಂದು ಬರೆಯಬೇಕು, ಕೆಳಗೆ ದಾನಿಗಳ ಹೆಸರು. ತಗಡಿನ ಮೇಲೆ ಹಳದಿ ಬಳಿದು, ನೀಲಿ ಅಕ್ಷರಕ್ಕೆ ಬಿಳಿ ನೆರಳು ಕೊಟ್ಟು ಬರೆದೆ. ಹೇಳಬಾರದು, ಒಳ್ಳೆಯ ಕೆಲಸವಾಗಿತ್ತು. ಬೋರ್ಡನ್ನು ಬಗಲಲ್ಲಿ ಹಿಡಿದುಕೊಂಡು ಹೋಗಿ, ಬಾಗಿಲು ದೂಡಿ, ಗೋಡೆಯ ಅಳತೆ ತೆಗೆಯುತ್ತೇನೆಂದು ಸೀದಾ ಒಳಗೆ ಹೋದೆ.

ಅಡಿಗೆಮನೆಯಿಂದ ಬಾಯೋರು ಬಂದರು. ನೀನು ಯಾರು ಎಂದು ಕೇಳಲಿಲ್ಲ. ಹೊರಗೆ ಹೋಗು, ಬಾಗಿಲು ಹಾಕು, ಬಡಿ, ಅಂದರು. ನನಗೆ ಅರ್ಥವಾಗಲಿಲ್ಲ. ಮತ್ತೆ ಅದನ್ನೇ ಹೇಳಿದರು. ಹೊರಗೆ ಬಂದು ಬಾಗಿಲು ಬಡಿದೆ. ಒಳಗೆ ಬಹಳ ಹೊತ್ತು ಏನೂ ಆಗಲಿಲ್ಲ. ಯಾರೋ ಪಿಸುಗುಟ್ಟಿದ ಸದ್ದು, ಆಮೇಲೆ ಒಂದು ಗಂಡು ದನಿ, ಹೆದರಿದ ದನಿ, 'ಯಾರು?' ಎಂದು ಕೇಳಿತು. ನಾನು ಹೆಸರು ಹೇಳಿದೆ. ಕೊನೆಗೆ ಚಿಲಕ ಸರಿದು ಬಾಗಿಲು ತೆರೆಯಿತು. ತೆರೆದವನು ಆ ಮೂವರಲ್ಲಿ ಒಬ್ಬ, ಗಣಪು. ಅವನ ಹಣೆಯೆಲ್ಲ ಬೆವತಿತ್ತು. ಹಿಂದೆ ನಿಂತಿದ್ದ ಬಾಯೋರ ಮುಖ ಹೆರಿಗೆ ಮುಗಿಸಿ ಬಂದವರ ಹಾಗಿತ್ತು.

ಆಮೇಲೆ ಕನ್ನಡಕ ಹಾಕಿಕೊಂಡು ನನ್ನ ಬೋರ್ಡನ್ನು ಓದಿದರು.

"ತಮಾ, ಇದು ಯಾರ ಮನೆ ಬೋರ್ಡು?"

ಇದೇ ಮನೆಯದು ಎಂದೆ.

"ನಿನ್ನ ಮನೆ ಬಾಗಿಲಿಗೆ ಎಂತ ಬರ್ದಿದ್ದೆ?"

ನನ್ನ ಹೆಸರು ಎಂದೆ.

"ಆತು. ಇಲ್ಲೂ ಹಾಗೇ ಬರಿ. ಮೂರು ಹೆಸರು. ಒಂದೇ ಅಳತೆ."

ದಾನದ ಬೋರ್ಡು ಹಿತ್ತಲಿನ ಕೋಳಿಗೂಡಿಗೆ ಮಾಡು, ಅಂದರೆ ಸೂರು, ಆಯಿತು. ಬರೆದ ಮುಖವನ್ನು ಕೆಳಗೆ ಮಾಡಿ ಹೊದಿಸಿದ್ದರು, ಬೇಕಾದರೆ ಕೋಳಿಗಳು ಓದಲಿ ಎಂದು. ಬಾಗಿಲ ಮೇಲೆ ನಾನು ಹಸಿರಲ್ಲಿ ಮೂರು ಹೆಸರು ಬರೆದೆ. ಗಣಪತಿ ಮಾಸ್ತಿ ನಾಯ್ಕ. ಮಂಗಲಾ ಈರಪ್ಪ ಅಂಬಿಗ. ಶ್ರೀಧರ ಶಾಂತಾರಾಮ ಶೇಟ್. ಗಣಪುವಿಗೆ ಓದು ಬಾರದು. ಆದರೂ ನಾನು ಬರೆಯುವಾಗ ಏಣಿ ಹಿಡಿದುಕೊಂಡು, ನನ್ನದು ಯಾವುದು, ನನ್ನದು ಯಾವುದು ಎಂದು ಕೇಳುತ್ತಲೇ ಇದ್ದ. ನಾಲ್ಕನೆಯ ಹೆಸರು, ನಿಮ್ಮದು, ಎಂದು ನಾನು ಬಾಯೋರನ್ನು ಕೇಳಿದೆ. ಇಲ್ಲಿಯವಳಲ್ಲ, ನಾನು ಆಚೆಮನೆಯವಳು ಎಂದರು. ಅದು ನಿಜವೇ ಆಗಿತ್ತು. ಮೂರು ಮನೆ ಆಚೆ ಒಂದು ಕೋಣೆ ಬಾಡಿಗೆಗೆ ಹಿಡಿದು ಅವರು ಬೇರೆ ಇದ್ದರು.

ಅಲ್ಲಿಂದ ದಿನಕ್ಕೆ ನಾಲ್ಕು ಸಲ ಬರುತ್ತಿದ್ದರು. ಪ್ರತಿ ಸಲವೂ ಬಡಿದು, 'ಯಾರು?' ಎಂದು ಕೇಳಿಸಿಕೊಂಡು, ಉತ್ತರ ಹೇಳಿ, ಒಳಗಿನವರು ತೆಗೆದ ಮೇಲೆಯೇ ಒಳಗೆ ಕಾಲಿಡುತ್ತಿದ್ದರು. ಒಂದು ಮಳೆಗಾಲದ ಬೆಳಿಗ್ಗೆ ಅವರು ಛತ್ರಿ ತಿರುವುಮುರುವಾಗಿ, ಪೂರ್ತಿ ನೆನೆದು ಆ ಬಾಗಿಲ ಎದುರು ನಿಂತಿದ್ದನ್ನು ನಾನು ಕಂಡೆ. ಗಣಪು ಮೀಯುತ್ತಿದ್ದ. ದೂಡಿದರೆ ಆತಲ್ಲ ಬಾಯೋರೆ, ಚಿಲಕ ಹಾಕಿಲ್ಲ ಎಂದೆ. ನಿನ್ನ ಮನೆಯಲ್ಲಿ ನೀನು ಮೀಯುವಾಗ ನಾನು ಹಾಗೆ ಬರಬಹುದಾ ಎಂದು ಕೇಳಿದರು. ನಾನು ನನ್ನ ದಾರಿ ಹಿಡಿದೆ.

ಇದೆಲ್ಲ ಎಲ್ಲಿಂದ ಬಂತು ಎಂದು ತಿಳಿದದ್ದು ಆಮೇಲೆ. ನಿವೃತ್ತಿಯಾದ ಮೇಲೆ ಅವರು ಘಟ್ಟದ ಮೇಲಿನ ಒಂದು ಆಶ್ರಮದಲ್ಲಿ ಮೂರು ತಿಂಗಳು ಕೆಲಸಕ್ಕೆ ಹೋಗಿದ್ದರಂತೆ. ಊಟ ಒಳ್ಳೆಯದಿತ್ತು, ಹಾಸಿಗೆ ಶುದ್ಧ ಇತ್ತು, ಯಾರೂ ಯಾರನ್ನೂ ಹೊಡೆಯುತ್ತಿರಲಿಲ್ಲ. ಆದರೆ ಪ್ರತಿ ಕೋಣೆಯ ಚಿಲಕವೂ ಹೊರಗಿತ್ತು. ಗಣಪು ಅಲ್ಲಿಗೆ ಬಂದು ಇಪ್ಪತ್ತು ವರ್ಷ ಆಗಿತ್ತು. ಈ ಮನೆಗೆ ಬಂದ ಹೊಸತರಲ್ಲಿ ಅವನು ಹಾಕಿದ ಬಾಗಿಲ ಎದುರು ಹೋಗಿ ಸುಮ್ಮನೆ ನಿಂತುಬಿಡುತ್ತಿದ್ದ. ಮೂತ್ರಕ್ಕೆ ಅವಸರವಾಗಿದ್ದರೂ ನಿಂತೇ ಇರುತ್ತಿದ್ದ. ಬಾಗಿಲು ಎಂದರೆ ಬೇರೆಯವರು ತೆರೆಯುವ ವಸ್ತು ಎಂದೇ ಅವನು ತಿಳಿದಿದ್ದ. ಇಪ್ಪತ್ತು ವರ್ಷದಲ್ಲಿ ಒಂದೇ ಒಂದು ಬಾಗಿಲನ್ನೂ ತಾನಾಗಿ ತೆರೆಯದ ಮನುಷ್ಯ ನಮ್ಮ ಓಣಿಯಲ್ಲಿದ್ದ, ಮತ್ತು ನಾವು ಅವನಿಗೆ ಹಳದಿ ಬೋರ್ಡು ದಾನ ಮಾಡಲು ಹೊರಟಿದ್ದೆವು.

ಬಾಗಿಲು ತೆಗೆಯಲು ಬೇಗ ಕಲಿತ. ಯಾರೂ ಪಿಸುಗುಟ್ಟದೆ, ತೆಗೆಯುವ ಮೊದಲು ತಾನೇ ಕೇಳುವುದನ್ನು ಕಲಿಸಲು ಬಾಯೋರಿಗೆ ಒಂದೂವರೆ ವರ್ಷ ಹಿಡಿಯಿತು. ಮೊದಮೊದಲು ತೆಗೆದ ಮೇಲೆ ಎದುರಿದ್ದವರ ಮುಖ ನೋಡಿ 'ಯಾರು?' ಎನ್ನುತ್ತಿದ್ದ. ಆಮೇಲೆ ಎಲ್ಲರಿಗೂ ಕೇಳತೊಡಗಿದ. ಕಿಟಕಿಯಲ್ಲಿ ಕೂತ ಕಾಗೆಗೆ, ಬೇಲಿ ಮುರಿಯುವ ದನಕ್ಕೆ, ದೇವಸ್ಥಾನದಲ್ಲಿ ಗರ್ಭಗುಡಿಯ ಬಾಗಿಲು ತೆಗೆದಾಗ ದೇವರಿಗೆ. ಭಟ್ಟರು ನಕ್ಕರು. ಬಾಯೋರು ನಗಲಿಲ್ಲ, ಸರಿಯಾಗೇ ಕೇಳಿದ್ದಾನೆ ಎಂದರು.

ಮಂಗಲಾಗೆ ಕಿವಿ ಕೇಳುವುದಿಲ್ಲ, ಮಾತು ಇಲ್ಲ. ಬಡಿದರೆ ಅವಳಿಗೆ ತಿಳಿಯುವುದು ಹೇಗೆ? ಅವಳ ಕೋಣೆಯ ಬಾಗಿಲ ಹೊರಗೆ ಬಾಯೋರು ಒಂದು ಹಗ್ಗ ಇಳಿಬಿಟ್ಟಿದ್ದರು. ಎಳೆದರೆ ಒಳಗೆ ಮಾಡಿಗೆ ಕಟ್ಟಿದ ಕೆಂಪು ಬಟ್ಟೆ ಅಲ್ಲಾಡುತ್ತದೆ. ಅವಳು ನೋಡುತ್ತಾಳೆ, ಮನಸ್ಸಿದ್ದರೆ ತೆಗೆಯುತ್ತಾಳೆ. ಮನಸ್ಸಿಲ್ಲದಿದ್ದರೆ ಆ ಹಗ್ಗವನ್ನು ಒಳಗಿನಿಂದ ಎರಡು ಸಲ ಜಗ್ಗುತ್ತಾಳೆ, ಆಮೇಲೆ ಬಾ ಎಂದು ಅರ್ಥ. ನನಗೇ ಎಷ್ಟೋ ಸಲ ಎರಡು ಜಗ್ಗು ಸಿಕ್ಕಿದೆ. ಮೀನು ಆರಿಸುವುದರಲ್ಲಿ ಓಣಿಯಲ್ಲಿ ಅವಳನ್ನು ಮೀರಿಸಿದವರಿಲ್ಲ. ಮಾವಿನಕುರ್ವೆಯ ಅಂಬಿಗರ ಮನೆಯವಳು, ಕಿವಿರು ಎತ್ತಿ ನೋಡಿ ಬುಟ್ಟಿಯನ್ನೇ ದೂಡಿಬಿಟ್ಟರೆ ಮೀನಿನವಳು ಮುಂದಿನ ಮನೆಗೆ ಹೋಗಲು ಹೆದರುತ್ತಿದ್ದಳು.

ಶ್ರೀಧರ ಕಾಯ್ಕಿಣಿ ಕಡೆಯವನು. ಹುಟ್ಟಿನಿಂದಲೇ ಕೈಕಾಲು ಸ್ವಾಧೀನದಲ್ಲಿಲ್ಲ, ಗಾಲಿಕುರ್ಚಿ. ಮಾತು ಬರುತ್ತದೆ, ಆದರೆ ಒಂದು ವಾಕ್ಯ ಮುಗಿಯಲು ಒಂದು ಬಸ್ಸು ಬಂದು ಹೋಗುವಷ್ಟು ಹೊತ್ತು ಬೇಕು. ತಲೆ ಮಾತ್ರ ನಮ್ಮೆಲ್ಲರಿಗಿಂತ ಚುರುಕು. ಓಣಿಯ ಅರ್ಧ ಜನರ ಅರ್ಜಿಗಳನ್ನು ಮೊಬೈಲಿನಲ್ಲಿ ಒಂದು ಬೆರಳಿನಿಂದ ಕುಟ್ಟಿ ಬರೆದುಕೊಡುವವನು ಅವನೇ. ಅವನು ಮಾತಾಡುವಾಗ ಬಾಯೋರು ಕೈಯಲ್ಲಿದ್ದ ಕೆಲಸ ಬಿಟ್ಟು ಕೂರುತ್ತಿದ್ದರು. ಅವನ ವಾಕ್ಯವನ್ನು ಬೇರೆಯವರು ಮುಗಿಸಿಕೊಟ್ಟರೆ ಅವರಿಗೆ ಕೆಂಡದಂಥ ಸಿಟ್ಟು.

ಓಣಿ ಇವರನ್ನು ಹೂಹಾರ ಹಾಕಿ ಬರಮಾಡಿಕೊಂಡಿತು ಎಂದು ಯಾರೂ ತಿಳಿಯಬಾರದು. ಹುಚ್ಚರ ಮನೆ ಎಂದೆವು. ಹೆಣ್ಣುಮಕ್ಕಳು ಓಡಾಡುವ ಓಣಿ ಎಂದೆವು. ಪಟ್ಟಣ ಪಂಚಾಯ್ತಿಗೆ ಅರ್ಜಿಯೂ ಹೋಯಿತು, ಅದರಲ್ಲಿ ನನ್ನ ಸಹಿ ಇದೆ, ಅಕ್ಷರ ದುಂಡಗಿದೆ. ಬಾಯೋರು ಯಾರ ಮನೆಗೂ ಬಂದು ದಯೆ ತೋರಿಸಿ ಎಂದು ಕೇಳಲಿಲ್ಲ. ಅವರು ಮಾಡಿದ್ದು ಒಂದೇ. ಗಣಪುವಿನ ಕೈಯಲ್ಲಿ ಒಂದು ಲೋಟ ಕೊಟ್ಟು ಮನೆಮನೆಗೆ ಸಕ್ಕರೆ ಕಡ ತರಲು ಕಳಿಸಿದರು. ಇವತ್ತು ಈ ಮನೆ, ನಾಡಿದ್ದು ಆ ಮನೆ. ಎರಡು ದಿನ ಬಿಟ್ಟು ಅದೇ ಲೋಟದಲ್ಲಿ, ಅಂಚಿನವರೆಗೆ ತಲೆ ತಟ್ಟಿ ತುಂಬಿ, ವಾಪಸು. ಮನೆಯಲ್ಲಿ ಸಕ್ಕರೆ ಡಬ್ಬಿ ತುಂಬಿಯೇ ಇರುತ್ತಿತ್ತು. ಯಾಕೆ ಈ ಸೋಗು ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

"ದಾನ ಕೊಟ್ಟವ ಮನೆಗೆ ಹೋಗಿ ಮಲಗ್ತಾ. ಕಡ ಕೊಟ್ಟವ ನಾಳೆ ಬಾಗಿಲಿಗೆ ಬತ್ತಾ. ನನಗೆ ಬಾಗಿಲಿಗೆ ಬಪ್ಪವ್ರು ಬೇಕು."

ಬಂದರು. ಮೊದಲು ತಮ್ಮ ಸಕ್ಕರೆ ವಾಪಸು ಕೇಳಲು ಬಂದರು, ಆಮೇಲೆ ತಾವೇ ಕಡ ಕೇಳಲು ಬಂದರು. ಈಳಿಗೆಮಣೆ, ಏಣಿ, ಒಂದು ಹಿಡಿ ಹುಣಸೆ. ಶ್ರೀಧರನಿಂದ ಅರ್ಜಿ. ಗಣಪುವಿನಿಂದ ಕಾಯಿ ಸುಲಿಸಲು. ಬಾಗಿಲು ಬಡಿದು 'ಯಾರು?' ಎಂದು ಕೇಳಿಸಿಕೊಳ್ಳುವುದು ನಮಗೆಲ್ಲ ಅಭ್ಯಾಸವಾಗಿಹೋಯಿತು. ನನ್ನ ಹೆಂಡತಿ ಒಂದು ದಿನ ನಮ್ಮ ಮನೆಯ ಬಾಗಿಲು ಬಡಿದಾಗಲೂ ನಾನು ಒಳಗಿಂದ ಯಾರು ಎಂದು ಕೇಳಿ ಬೈಸಿಕೊಂಡೆ.

ಸೇವಾ ಸಮಿತಿಯವರಿಗೆ ಮಾತ್ರ ಈ ಅಭ್ಯಾಸ ಆಗಲಿಲ್ಲ. ಅವರು ಹುಟ್ಟುಹಬ್ಬಗಳಿಗೆ ಬರುತ್ತಿದ್ದರು. ಅಧ್ಯಕ್ಷರ ಐವತ್ತೈದನೇ ಹುಟ್ಟುಹಬ್ಬಕ್ಕೆ ಕೇಕು, ಕ್ಯಾಮೆರಾ, ಹದಿನೈದು ಜನ. ಗಣಪುವಿನ ಬಾಯಿಗೆ ಕೇಕು ತುರುಕಿ ಫೋಟೋ, ಶ್ರೀಧರನ ತಲೆ ಸವರಿ ಫೋಟೋ. ಎಲ್ಲ ಮುಗಿದ ಮೇಲೆ ಬಾಯೋರು ಬಹಳ ಮರ್ಯಾದೆಯಿಂದ, ಬರುವ ಭಾನುವಾರ ನಾವೂ ನಿಮ್ಮ ಮನೆಗೆ ಬರುತ್ತೇವೆ, ನಿಮಗೆ ತಿನ್ನಿಸಿ ಫೋಟೋ ತೆಗೆಯುತ್ತೇವೆ, ಆಗಬಹುದಲ್ಲ ಎಂದು ಕೇಳಿದರು. ಅಧ್ಯಕ್ಷರು ದೊಡ್ಡದಾಗಿ ನಕ್ಕು ಅಗತ್ಯ ಬನ್ನಿ ಎಂದರು.

ಹೋದೆವು. ಎರಡು ಆಟೋ ಮಾಡಿಕೊಂಡು, ಗಾಲಿಕುರ್ಚಿ ಕಟ್ಟಿಕೊಂಡು, ನನ್ನನ್ನೂ ಎಳೆದುಕೊಂಡು ಹೋದರು. ಅಧ್ಯಕ್ಷರು ಬನಿಯನ್, ಲುಂಗಿಯಲ್ಲಿ ಪೇಪರು ಓದುತ್ತಿದ್ದರು. ಗಣಪು ಲಾಡು ತೆಗೆದು ಅವರ ಬಾಯಿಗೆ ಹಿಡಿದ. ಮಂಗಲಾ ಅವರ ತಲೆ ಸವರಿದಳು. ಶ್ರೀಧರ ಫೋನು ಹಿಡಿದ, ಅವನ ಕೈ ನಿಲ್ಲಲು ಐದು ನಿಮಿಷ ಬೇಕು, ಅಷ್ಟು ಹೊತ್ತೂ ಅಧ್ಯಕ್ಷರು ಲಾಡು ಬಾಯಲ್ಲಿಟ್ಟುಕೊಂಡು ಕೂರಬೇಕಾಯಿತು. ಬಾಯೋರು, ಸ್ವಲ್ಪ ನಗಿ ಎಂದರು. ಅವರ ಹೆಂಡತಿ ಒಳಗೆ ಹೋಗಿ ನಕ್ಕದ್ದು ನಮಗೆ ಕೇಳಿತು. ಆಮೇಲೆ ಯಾರೂ ಕೇಕು ತರಲಿಲ್ಲ. ಆದರೆ ಆ ಲಾಡುವನ್ನು ಅಧ್ಯಕ್ಷರು ಮರೆಯಲಿಲ್ಲ ಎಂದು ನನಗೆ ಇವತ್ತಿಗೂ ಗುಮಾನಿ ಇದೆ.

ನನ್ನ ಕಸುಬಿನ ಒಂದು ಮಾತು ಇಲ್ಲಿ ಹೇಳಿಬಿಡುತ್ತೇನೆ. ಒಂದು ಕಛೇರಿಯ ಬೋರ್ಡಿಗೆ ನಾನು ಮೊದಲು 'ಅಂಗವಿಕಲ' ಎಂದು ಬರೆದಿದ್ದೆ. ಕೆಲವು ವರ್ಷಕ್ಕೆ ಕರೆಸಿ 'ವಿಕಲಚೇತನ' ಮಾಡಿಸಿದರು. ಆಮೇಲೆ 'ವಿಶೇಷಚೇತನ'. ಆಮೇಲೆ 'ದಿವ್ಯಾಂಗ'. ಪ್ರತಿ ಸಲವೂ ಹಳೆಯದನ್ನು ಉಜ್ಜಿ ಹೊಸ ಬಣ್ಣ ಬಳಿದೆ. ಆ ಕಛೇರಿಗೆ ಇರುವುದು ಏಳು ಮೆಟ್ಟಿಲು, ಶ್ರೀಧರ ಅದನ್ನು ಹತ್ತಬೇಕಾದರೆ ಇವತ್ತಿಗೂ ನಾಲ್ಕು ಜನ ಎತ್ತಬೇಕು. ಇದನ್ನು ಬಾಯೋರಿಗೆ ಹೇಳಿದಾಗ, ಬೋರ್ಡು ನೋಡ್ಬೇಡ, ಚಿಲಕ ಯಾವ ಬದಿಗೆ ಅದೆ ನೋಡು ಎಂದಿದ್ದರು. ಎಲ್ಲಿಗೆ ಹೋದರೂ ಅವರು ಮೊದಲು ನೋಡುತ್ತಿದ್ದದ್ದು ಅದನ್ನೇ. ಆಸ್ಪತ್ರೆಗೆ ಹೋದರೂ, ಮದುವೆಮನೆಗೆ ಹೋದರೂ ಬಾಗಿಲ ಹಿಂದೆಮುಂದೆ ಕೈಯಾಡಿಸುತ್ತಿದ್ದರು.

ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಊಟ ಮಾಡಿ ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ಎಪ್ಪತ್ತೆರಡು. ನನಗೆ ಅವರ ಮೇಲೂ ಸಿಟ್ಟಿದೆ. ಊರಿಗೆಲ್ಲ ಮುಂದಿನದನ್ನು ಯೋಚಿಸಿ ಹೇಳುತ್ತಿದ್ದವರು ತಾವಿಲ್ಲದ ದಿನ ಏನು ಎಂಬ ಬಗ್ಗೆ ನಮ್ಮ ಹತ್ತಿರ ಒಂದು ಮಾತನ್ನೂ ಆಡಿರಲಿಲ್ಲ. ಎಲ್ಲ ನಡೆದುಕೊಂಡು ಹೋಗುತ್ತದೆ ಎಂದು ನಮ್ಮನ್ನು ನಂಬಿದ್ದರೋ ಏನೋ. ಆ ನಂಬಿಕೆಗೆ ನಾವು ತಕ್ಕವರಾಗಿರಲಿಲ್ಲ.

ಶ್ರದ್ಧಾಂಜಲಿ ಸಭೆಯಲ್ಲಿ ಎಲ್ಲರೂ ಅತ್ತರು. ಅವರನ್ನು ದೇವತೆ ಎಂದರು, ತ್ಯಾಗಮಯಿ ಎಂದರು. ಜಗಳಗಂಟಿ ಎಂದು ಒಬ್ಬರೂ ಹೇಳಲಿಲ್ಲ, ಅದೊಂದು ಮಾತಾಡಿದ್ದರೆ ನಿಜವಾಗಿ ಬಾಯೋರ ಸಭೆ ಎನಿಸುತ್ತಿತ್ತು. ಗಣಪು, ಮಂಗಲಾ, ಶ್ರೀಧರ ಮೂವರನ್ನೂ ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಒಬ್ಬರಿಗೂ ಮೈಕು ಕೊಡಲಿಲ್ಲ. ಕೊನೆಗೆ ಅಧ್ಯಕ್ಷರು, ತಾಯಿಯಿಲ್ಲದ ಈ ಮಕ್ಕಳಿಗೆ ಅದೇ ಘಟ್ಟದ ಮೇಲಿನ ಆಶ್ರಮದಲ್ಲಿ ಶಾಶ್ವತ ವ್ಯವಸ್ಥೆ ಮಾಡಿದ್ದೇವೆ ಎಂದು ಘೋಷಿಸಿದರು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ, ಪಕ್ಕದವರು ತಟ್ಟುತ್ತಿದ್ದರು ಎಂದು.

ಎರಡು ದಿನ ಬಿಟ್ಟು ಬೆಳಿಗ್ಗೆ ಹತ್ತು ಗಂಟೆಗೆ ವ್ಯಾನು ಬಂತು. ಸಮಿತಿಯವರು ಬಾಗಿಲು ಬಡಿದರು. ಒಳಗಿಂದ ಗಣಪು 'ಯಾರು?' ಎಂದ. ನಾವು ಎಂದರು. ನಾವು ಅಂದ್ರೆ ಯಾರು ಎಂದ. ಸಮಿತಿಯವರು ಎಂದರು. ಅವನಿಗೆ ಸಮಿತಿ ಎಂಬ ಹೆಸರಿನ ಮನುಷ್ಯ ಗೊತ್ತಿರಲಿಲ್ಲ. ತೆಗೆಯಲಿಲ್ಲ. ಅರ್ಧ ತಾಸು ನಿಂತರು. ದೂಡಿ ಒಡೆಯೋಣ ಎಂದು ಒಬ್ಬ ಹೇಳಿದ್ದಕ್ಕೆ, ಓಣಿಯವರು ನೋಡುತ್ತಿದ್ದಾರೆ, ಬೇಡ ಎಂದು ಅಧ್ಯಕ್ಷರೇ ತಡೆದರು. ಆಮೇಲೆ ಅವರು ನನ್ನ ಅಂಗಡಿಗೆ ಬಂದರು.

ನಿನ್ನ ದನಿ ಅವರಿಗೆ ಗೊತ್ತು, ಸ್ವಲ್ಪ ಬಾ ಎಂದರು. ಸಭೆಯಲ್ಲಿ ಶಾಶ್ವತ ಎಂದಿದ್ದವರು ಈಗ, ಒಂದೆರಡು ವಾರದ ಮಟ್ಟಿಗೆ ಅಷ್ಟೇ, ಇಲ್ಲಿ ಯಾರು ನೋಡಿಕೊಳ್ಳುತ್ತಾರೆ, ಶ್ರೀಧರನನ್ನು ಮೀಯಿಸುವವರು ಯಾರು, ನೀನು ಮೀಯಿಸುತ್ತೀಯಾ ಎಂದು ಕೇಳಿದರು. ನಾನು ಮೀಯಿಸುತ್ತೇನೆ ಎನ್ನಲು ನನ್ನ ನಾಲಿಗೆ ಏಳಲಿಲ್ಲ. ಆ ಒಂದು ಮಾತಿಗೆ ನಾನು ಹೆದರಿದ್ದು, ಬೇರೆ ಯಾವುದಕ್ಕೂ ಅಲ್ಲ. ಎದ್ದು ಅವರ ಹಿಂದೆ ಹೋದೆ.

ಬಾಗಿಲು ಬಡಿದೆ. 'ಯಾರು?' ಎಂದ. ನಾನು, ಪೇಂಟರ್ ಎಂದೆ.

ತಕ್ಷಣ ಚಿಲಕ ಸರಿಯಿತು. ನನ್ನನ್ನು ಕಂಡು ಗಣಪು ನಗುತ್ತಿದ್ದ. ನನ್ನ ಹಿಂದಿನಿಂದ ಆರು ಜನ ಒಳಗೆ ನುಗ್ಗಿದರು.

ಮಂಗಲಾಳ ಹಗ್ಗವನ್ನು ಯಾರೂ ಎಳೆಯಲಿಲ್ಲ. ಸೀದಾ ಬಾಗಿಲು ದೂಡಿ ಒಳಗೆ ಹೋದರು. ಅವಳು ಸೀರೆ ಉಡುತ್ತಿದ್ದಳು. ಅವಳ ಅಣ್ಣನನ್ನು ಮಾವಿನಕುರ್ವೆಯಿಂದ ಮೊದಲೇ ಕರೆಸಿದ್ದರು, ಅವನು ಕಾಗದಕ್ಕೆ ಸಹಿ ಹಾಕಿದ. ಅವಳಿಗೆ ಸಹಿ ಬರುತ್ತದೆ, ಚೆಂದದ ಸಹಿ, ನಾನೇ ಕಲಿಸಿದ್ದು. ಕಿವಿ ಕೇಳದವಳಿಗೆ ಕೈಯೂ ಇಲ್ಲ ಎಂದೇ ಅವರು ತಿಳಿದಂತಿತ್ತು. ಶ್ರೀಧರ ಏನೋ ಹೇಳತೊಡಗಿದ್ದ. ನಮ್ಮನ್ನು, ಎಂದ. ಕುರ್ಚಿ ಎತ್ತಿದರು. ಕೇಳದೆ, ಎಂದ. ವ್ಯಾನಿಗೆ ಇಟ್ಟರು. ಅವನ ಮುಖ ನನ್ನ ಕಡೆಗಿತ್ತು, ಬಾಯಿ ಮೂರನೆಯ ಶಬ್ದಕ್ಕೆ ಒದ್ದಾಡುತ್ತಿತ್ತು. ಆ ಶಬ್ದ ಬರುವ ಮೊದಲೇ ವ್ಯಾನಿನ ಬಾಗಿಲು ಹಾಕಿದರು.

ಎರಡು ವಾರ ಮೂರಾಯಿತು. ಸಮಿತಿಯವರನ್ನು ಕೇಳಿದರೆ, ಅಲ್ಲಿ ಸುಖವಾಗಿದ್ದಾರಲ್ಲ ಎಂದರು. ತಡೆಯಲಾರದೆ ಬಸ್ಸು ಹತ್ತಿ ಘಟ್ಟದ ಮೇಲೆ ಹೋದೆ. ದೊಡ್ಡ ಕಟ್ಟಡ. ಟೈಲ್ಸು ಹೊಳೆಯುತ್ತಿತ್ತು. ಗೋಡೆಯ ಮೇಲೆ ನವಿಲು, ಬಲೂನು, ಚಿಟ್ಟೆ, ಚಿಕ್ಕ ಮಕ್ಕಳ ಶಾಲೆಯಲ್ಲಿ ಬರೆದಂತೆ. ಮ್ಯಾನೇಜರರು ಒಳ್ಳೆಯ ಮನುಷ್ಯ, ಚಾ ಕೊಟ್ಟರು, ಬಿಸಿನೀರಿನ ವ್ಯವಸ್ಥೆ ತೋರಿಸಿದರು, ಟೀವಿ ತೋರಿಸಿದರು. ಗಂಡಸರ ಸಾಲಿಗೆ ಕರೆದುಕೊಂಡು ಹೋಗಿ, ಆರನೇ ಕೋಣೆ, ನೋಡಿ ಬನ್ನಿ ಎಂದು ಕಳಿಸಿ, ಫೋನು ಬಂತೆಂದು ಆಚೆ ಸರಿದರು.

ಬಾಗಿಲ ಮೇಲೆ ಹೆಸರಿರಲಿಲ್ಲ, ಆರು ಎಂದು ಬರೆದಿತ್ತು. ಹನ್ನೊಂದು ವರ್ಷದ ಅಭ್ಯಾಸ, ಕೈ ತಾನಾಗಿ ಬಡಿಯಿತು.

"ಯಾರು?"

ಗಣಪುವಿನ ದನಿ. ಮರೆತಿರಲಿಲ್ಲ. ನನಗೆ ಅಳು ಬಂತು, ನಾನು, ಪೇಂಟರ್ ಎಂದೆ. ಅವನು ತೆಗೆಯಲಿ ಎಂದು ನಿಂತೆ. ನಿಂತೇ ಇದ್ದೆ. ಸಿಟ್ಟಾಗಿದ್ದಾನೆ, ನನಗೆ ಬಾಗಿಲು ತೆಗೆಯಲು ಮನಸ್ಸಿಲ್ಲ, ಅದು ಅವನ ಹಕ್ಕು ಎಂದುಕೊಂಡೆ. ಎಷ್ಟೋ ಹೊತ್ತಿನ ಮೇಲೆ ಬಾಗಿಲಿಗೆ ಬಹಳ ಹತ್ತಿರದಿಂದ ಅವನ ದನಿ ಬಂತು. ಅದರಲ್ಲಿ ಸಿಟ್ಟಿರಲಿಲ್ಲ. ನನಗೆ ಗೊತ್ತಿಲ್ಲದ ಸಂಗತಿಯೊಂದನ್ನು ತಿಳಿಸುವವನಂತೆ ಹೇಳಿದ.

"ಚಿಲಕ ನಿಮ್ಮ ಬದಿಗೆ ಅದೆ, ಪೇಂಟ್ರೆ."

ಘಟ್ಟ ಇಳಿದವನು ಹೊನ್ನಾವರದಲ್ಲಿ ಇಳಿಯಲೇ ಇಲ್ಲ, ಅದೇ ಬಸ್ಸಿನಲ್ಲಿ ಸೀದಾ ಭಟ್ಕಳಕ್ಕೆ ಹೋದೆ. ಓಣಿಯ ಕೊನೆಯ ಮನೆಯ ಮಾಲಕಿ ಭಟ್ಕಳದ ಒಬ್ಬ ನವಾಯತಿ ಮುದುಕಿ. ಅವರ ಮೂರು ಹೆರಿಗೆಯೂ ಬಾಯೋರ ಕೈಯಲ್ಲಿ ಆದದ್ದು, ಆ ಋಣಕ್ಕೆ ಮನೆ ಬಾಡಿಗೆಗೆ ಕೊಟ್ಟವರು. ನಾನು ನಡೆದದ್ದೆಲ್ಲ ಹೇಳಿದೆ, ನನ್ನದನ್ನೂ ಬಿಡದೆ ಹೇಳಿದೆ. ಅವರು ಒಳಗಿನಿಂದ, ವರ್ಷವರ್ಷವೂ ಹೊಸದಾಗಿ ಬರೆಸುತ್ತಿದ್ದ ಬಾಡಿಗೆ ಕರಾರು ಪತ್ರ ತಂದರು. ಅದರಲ್ಲಿ ಬಾಯೋರ ಹೆಸರೇ ಇರಲಿಲ್ಲ. ಬಾಡಿಗೆದಾರರು ಮೂವರು, ಎರಡು ಸಹಿ, ಒಂದು ಹೆಬ್ಬೆಟ್ಟು. ಮುದುಕಿ ಆಗಲೇ ಅಧ್ಯಕ್ಷರಿಗೆ ಫೋನು ಹಚ್ಚಿಸಿದರು.

"ಬಾಡಿಗೆಗೆ ಇರೋರು ಆ ಮೂರು ಜನ. ಮನೆ ಬಿಡ್ತೇವೆ ಅಂತ ಅವರು ನಂಗೆ ಹೇಳಿಲ್ಲ. ಬಿಡಿಸೋಕೆ ನೀವ್ಯಾರು?"

ಬಾಯೋರು ನಮಗೆ ಏನೂ ಹೇಳದೆ ಹೋದರು ಎಂದು ಮೇಲೆ ಬೈದಿದ್ದೇನಲ್ಲ, ಅದನ್ನು ಅರ್ಧ ವಾಪಸು ತೆಗೆದುಕೊಳ್ಳುತ್ತೇನೆ. ಹೇಳಬೇಕಾದ್ದನ್ನು ಅವರು ಕಾಗದದಲ್ಲಿ ಬರೆಸಿಟ್ಟು ಹೋಗಿದ್ದರು. ಓದುವವರು ನಾವಿರಲಿಲ್ಲ.

ಶ್ರೀಧರ ಮತ್ತು ಗಣಪು ವಾಪಸು ಬಂದರು. ಅವರನ್ನು ಹಿಡಿದಿಡಲು ಆಶ್ರಮದ ಹತ್ತಿರ ಅಧ್ಯಕ್ಷರ ಸಹಿ ಬಿಟ್ಟರೆ ಬೇರೇನೂ ಇರಲಿಲ್ಲ, ಅಧ್ಯಕ್ಷರು ಅವರಿಗೆ ಏನೂ ಆಗಬೇಕಾದವರಲ್ಲ. ಶ್ರೀಧರನನ್ನು ಮೀಯಿಸುವವನು ಈಗ ನಾನೇ, ಆಟೋದ ಮಂಜುನಾಥನ ಜತೆ ಸರದಿಯ ಮೇಲೆ. ಅದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಎರಡು ಕೊಡ ನೀರು, ಒಂದು ಸಾಬೂನು. ನನ್ನ ಹೇಡಿತನಕ್ಕೆ ಇಷ್ಟು ಸಾಕಾಗಿತ್ತು. ಗಣಪು ಬಂದ ಮರುದಿನವೇ ಲೋಟ ಹಿಡಿದು ಸಕ್ಕರೆಗೆ ಹೊರಟ. ಓಣಿಯ ಹೆಂಗಸರು ತಲೆ ತಟ್ಟಿ ತುಂಬಿ ಕೊಟ್ಟರು.

ಮಂಗಲಾ ಬಂದಿಲ್ಲ. ಸಹಿ ಹಾಕಿದ ಅಣ್ಣನೇ ಬಂದು ಬಿಡಿಸಬೇಕು ಎನ್ನುತ್ತಾರೆ ಆಶ್ರಮದವರು. ಅಲ್ಲಿ ಹೆಣ್ಣಿಗೆ ಭದ್ರ ಉಂಟು, ಇರಲಿ ಎನ್ನುತ್ತಾನೆ ಅಣ್ಣ. ಅವಳನ್ನು ಕೇಳಿ ಎಂದು ಶ್ರೀಧರ ಬರೆದ ಅರ್ಜಿಗಳು ಒಂದು ಕಛೇರಿಯಿಂದ ಇನ್ನೊಂದಕ್ಕೆ ಹೋಗುತ್ತಿವೆ, ಪರಿಶೀಲನೆಯಲ್ಲಿದೆ ಎಂದು ಉತ್ತರ ಬರುತ್ತದೆ. ನಾನು ಮತ್ತೆ ನೋಡಲು ಹೋದಾಗ ಅವಳು ಮಲಗಿದ್ದ ಕೋಣೆಗೆ ಯಾರೋ ಆಯಾ ಬಡಿಯದೆ ನುಗ್ಗಿದಳು, ಬಡಿದರೆ ಕೇಳುವುದಿಲ್ಲವಲ್ಲ ಎಂದು ನನಗೇ ವಿವರಿಸಿದಳು. ಮಂಗಲಾ ನನ್ನನ್ನು ನೋಡಿ ಗಾಳಿಯಲ್ಲಿ ಹಗ್ಗ ಹಿಡಿದಂತೆ ಕೈ ಮಾಡಿ ಜಗ್ಗಿದಳು. ಎರಡು ಸಲ ಅಲ್ಲ, ಒಂದೇ ಸಲ. ಒಂದು ಜಗ್ಗಿಗೆ ಏನರ್ಥ ಎಂದು ಬಾಯೋರು ನನಗೆ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಎರಡು ಎಂದರೆ ಆಮೇಲೆ ಬಾ ಎಂದಾದರೆ ಒಂದು ಎಂದರೆ ಈಗಲೇ.

ಮೊನ್ನೆ ಬಾಯೋರ ವರ್ಷಾಂತಿಕಕ್ಕೆ ಸಮಿತಿಯವರು ಮತ್ತೆ ಫ್ಲೆಕ್ಸ್ ಹಾಕಿದರು. ಅದೇ ಫೋಟೋ, ಅದೇ ಪ್ರಭಾವಳಿ, ಅದೇ ಮಕ್ಕಳು. ಶ್ರದ್ಧಾಂಜಲಿ ಮಾತ್ರ ಈ ಸಲ ಸರಿಯಿತ್ತು, ಯಾರೋ ತಿದ್ದಿದ್ದಾರೆ. ನಾನು ಹಸಿರು ಬಣ್ಣದ ಡಬ್ಬ, ಎರಡು ಬ್ರಶ್ಶು ತೆಗೆದುಕೊಂಡು ಓಣಿಯ ಕೊನೆಯ ಮನೆಗೆ ಹೋದೆ. ಉಪ್ಪುಗಾಳಿಗೆ ಬಾಗಿಲ ಮೇಲಿನ ಹೆಸರುಗಳು ಮಾಸಿದ್ದವು, ಮಂಗಲಾಳ ಹೆಸರಿನಲ್ಲಿ 'ಲಾ' ಅರ್ಧ ಉದುರಿತ್ತು. ಮೊದಲು ಬಡಿದೆ.

'ಯಾರು?' ಎಂದ ಗಣಪು. ನಾನು ಹೆಸರು ಹೇಳಿದೆ. ಅವನಿಗೆ ನನ್ನ ದನಿ ಗೊತ್ತು, ಚೆನ್ನಾಗಿ ಗೊತ್ತು. ಆದರೂ ಚಿಲಕ ಸರಿಯಲಿಲ್ಲ.

"ಎಂತಕ್ಕೆ ಬಂದ್ರಿ?"

ಆಶ್ರಮದಿಂದ ಬಂದ ದಿನದಿಂದ ಅವನು ಇದನ್ನೂ ಕೇಳುತ್ತಾನೆ. ಎಲ್ಲರಿಗೂ ಅಲ್ಲ, ನನಗೊಬ್ಬನಿಗೆ. ಮಂಗಲಾಳ ಹೆಸರು ಬರೆಯುವುದಕ್ಕೆ ಎಂದೆ. ಬಿಸಿಲಿಗೆ ಬಣ್ಣದ ಡಬ್ಬ ಹಿಡಿದುಕೊಂಡು ನಿಂತೆ. ಒಳಗೆ ಅವನು ಯೋಚಿಸುತ್ತಿದ್ದ. ಮೊದಲನೆಯ ಪ್ರಶ್ನೆಯನ್ನು ಅವನಿಗೆ ಕಲಿಸಲು ಬಾಯೋರಿಗೆ ಒಂದೂವರೆ ವರ್ಷ ಬೇಕಾಯಿತು. ಎರಡನೆಯದನ್ನು ನಾನು ಒಂದೇ ದಿನದಲ್ಲಿ ಕಲಿಸಿದ್ದೆ.